ಟ್ರಂಕ್ ಅಕ್ಕ ಮತ್ತು ನಾಲ್ಕು ಎಂಬಿ ಜಾಗ

ಅವರು ನಮ್ಮ ಅಂಗಡಿಗೆ ಮೊದಲ ಸಲ ಬಂದದ್ದು ದೂರು ಕೊಡುವುದಕ್ಕೆ. ಸಾಗರದಲ್ಲಿ ನಾನು ಮನೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ವ್ಯವಹಾರ ಶುರುಮಾಡಿ ಆಗ ಎರಡು ವರ್ಷ. ದೂರು ತರುವವರ ಮುಖ ರಸ್ತೆಯ ಆಚೆಯಿಂದಲೇ ಗುರುತು ಸಿಗುವಷ್ಟು ಅನುಭವ ಆಗಿತ್ತು. ಇವರ ಮುಖ ಹಾಗಿರಲಿಲ್ಲ. ಹತ್ತಿ ಸೀರೆ, ಕಾಲಿಗೆ ಓಟದ ಬೂಟು, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಮದುವೆಗೆ ಕರೆಯಲು ಬಂದವರ ಹಾಗೆ ನಗುತ್ತ ಕುರ್ಚಿ ಎಳೆದುಕೊಂಡು ಕೂತರು.

“ನಮ್ಮನೆ ಲೈನ್ ಮಳೆ ಬಂದಾಗ ಹೋಗ್ತದೆ, ಮಳೆ ನಿಂತು ಅರ್ಧ ಗಂಟೆಗೆ ಬರ್ತದೆ,” ಎಂದರು. “ತಿರುವಿನಲ್ಲಿ ನಿಮ್ಮ ಮೂರನೇ ಕಂಬ ಉಂಟಲ್ಲ, ಅದರ ಪೆಟ್ಟಿಗೆ ಒಳಗೆ ನೀರು ನಿಲ್ತಾ ಇದೆ. ಪೆಟ್ಟಿಗೆ ತಲೆಕೆಳಗಾಗಿ ಹೊಡ್ದಿದ್ದೀರಿ ಮಾರಾಯ್ರೆ.”

ಲೈನ್‌ಮನ್ ಹತ್ತಿ ನೋಡಿದ. ಪೆಟ್ಟಿಗೆ ತಲೆಕೆಳಗಾಗಿಯೇ ಇತ್ತು. ಒಳಗೆ ಎರಡು ಲೋಟದಷ್ಟು ನೀರು, ಒಂದು ಕಪ್ಪೆ. ಮರುದಿನ ಅವರ ಮನೆ ಹುಡುಕಿಕೊಂಡು ಹೋಗಿ, ನಮ್ಮಲ್ಲಿ ಕೆಲಸ ಮಾಡ್ತೀರಾ ಎಂದು ಕೇಳಿದೆ. ಒಳಗೆ ಒಗ್ಗರಣೆ ಹಾಕುತ್ತಿದ್ದ ಅವರ ಯಜಮಾನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸೌಟು ಹಿಡಿದುಕೊಂಡೇ ಹೊರಗೆ ಬಂದು, “ದಯವಿಟ್ಟು ಕರ್ಕೊಂಡು ಹೋಗಿ. ಮನೆಯಲ್ಲಿ ಬಿಚ್ಚೋದಕ್ಕೆ ಇನ್ನೇನೂ ಉಳಿದಿಲ್ಲ” ಎಂದರು.

ಹೀಗೆ ಬಂದವರು ನಮ್ಮಲ್ಲಿ ಎಂಟು ವರ್ಷ ಇದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಟ್ರಂಕ್ ಅಕ್ಕ. ಇಪ್ಪತ್ತನೇ ವಯಸ್ಸಿಗೆ ತೀರ್ಥಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದರು. ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ಬಳ್ಳಿಯಂಥ ತಂತಿಗಳು. ಈ ತೂತಿನಿಂದ ಎಳೆದು ಆ ತೂತಿಗೆ ಚುಚ್ಚಿದರೆ ಕೋಣಂದೂರಿನವರು ಹೊಸನಗರದವರ ಜೊತೆ ಮಾತಾಡುತ್ತಿದ್ದ ಕಾಲ. ಹಾಗೆ ಊರಿಂದ ಊರಿಗೆ ಹೋಗುವ ಕರೆಗೆ ಟ್ರಂಕ್ ಕಾಲ್ ಎನ್ನುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಎಕ್ಸ್‌ಚೇಂಜು ಕಂಪ್ಯೂಟರಿಗೆ ಬದಲಾದಾಗ ಜೊತೆಯವರೆಲ್ಲ ಬೇರೆ ಬೇರೆ ಕಚೇರಿ ಕೇಳಿಕೊಂಡು ಹೋದರೆ ಇವರು ಮೆಷಿನ್ನಿನ ಹಿಂದೆಯೇ ಹೋಗಿ ತಂತ್ರಜ್ಞರಾದರು. ಇಲಾಖೆ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಪಕ್ಕದ ಮನೆಯವರು ಗುಜರಿಗೆ ಹಾಕಲು ಇಟ್ಟಿದ್ದ ಕಂಪ್ಯೂಟರನ್ನು ಕೇಳಿ ತಂದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಲಿತರು. ಯಾಕೆ ಎಂದು ಕೇಳಿದರೆ, “ಬಿಚ್ಚಿ ನೋಡೋಕೆ ಬಿಡ್ತದೆ ಅಲ್ದಾ, ಅದಕ್ಕೆ” ಎನ್ನುತ್ತಿದ್ದರು.

ರೂಟರ್ ಎಂದರೆ ಏನೆಂದು ಗಿರಾಕಿಗಳು ಕೇಳಿದರೆ ನಾನು ತಡವರಿಸುತ್ತಿದ್ದೆ. ಅವರಿಗೆ ಒಂದೇ ಮಾತು: “ಅದು ನಾನೇ. ಯಾರೋ ಡಾಕ್ಟ್ರ ಮನೆಗೆ ಕೊಡಿ ಅಂತಾರೆ. ಡಾಕ್ಟ್ರು ಈ ಹೊತ್ತಿಗೆ ಮನೇಲಿರಲ್ಲ, ಕ್ಲಬ್ಬಲ್ಲಿ ಇಸ್ಪೀಟು ಆಡ್ತಾ ಇರ್ತಾರೆ ಅಂತ ನಂಗೊತ್ತು. ಕ್ಲಬ್ಬಿಗೆ ಚುಚ್ಚಿ ಕೊಡ್ತೇನೆ. ಅಷ್ಟೇ ಈ ಪೆಟ್ಟಿಗೆ ಮಾಡೋದೂ.”

ಆಪರೇಟರ್ ಅಭ್ಯಾಸಗಳು ಅವರನ್ನು ಬಿಟ್ಟಿರಲಿಲ್ಲ. ನೀವು ಏನು ಹೇಳಿದರೂ ಒಮ್ಮೆ ತಿರುಗಿ ಒಪ್ಪಿಸುತ್ತಿದ್ದರು. “ಅಕ್ಕ, ಎರಡು ಟೀ ತರಿಸ್ಲಾ?” ಎಂದರೆ, “ಟೀ, ಎರಡು, ಸರಿ” ಎನ್ನುವರು. ನಗುವಂತೂ ಸದ್ದೇ ಇಲ್ಲದ ನಗು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತವರು ಗಟ್ಟಿಯಾಗಿ ನಕ್ಕರೆ ಲೈನಿನಲ್ಲಿ ಇದ್ದವರಿಗೆ ಕೇಳುತ್ತದೆಂದು ಭುಜ ಕುಣಿಸಿ, ಕಣ್ಣು ಮುಚ್ಚಿ, ಬಾಯಿ ಬಿಗಿಹಿಡಿದು ನಗುವುದನ್ನು ರೂಢಿ ಮಾಡಿಕೊಂಡಿದ್ದರು. ಹೊಸಬರು ಅದನ್ನು ನೋಡಿ ಅಕ್ಕನಿಗೆ ಎದೆನೋವು ಬಂತೆಂದು ಗಾಬರಿಯಾದದ್ದುಂಟು.

ಹೊಸನಗರದ ಲಾಡ್ಜೊಂದರ ಮಾಲೀಕರು ಹಿಂದಿನ ರೂಮುಗಳಿಗೆ ಸಿಗ್ನಲ್ ಬರುವುದಿಲ್ಲವೆಂದು ಎಂಟು ಕೊಂಬಿನ ರೂಟರ್ ತಂದಿಟ್ಟುಕೊಂಡಿದ್ದರು. ಆದರೂ ಬರಲಿಲ್ಲ. ಅಕ್ಕ ಹೋಗಿ ಹತ್ತು ನಿಮಿಷ ಸುಮ್ಮನೆ ಓಡಾಡಿ, ಕಬ್ಬಿಣದ ಬೀರುವಿನ ಹಿಂದಿದ್ದ ಹಳೆಯ ರೂಟರನ್ನೇ ಬಾಗಿಲ ಮೇಲಕ್ಕೆ ಏರಿಸಿ ಬಂದರು. ಎಲ್ಲ ರೂಮಿಗೂ ಸಿಗ್ನಲ್ ಬಂತು. ಎಂಟು ಕೊಂಬಿನದ್ದು ಏನು ಮಾಡೋದು ಎಂದು ಮಾಲೀಕರು ಕೇಳಿದ್ದಕ್ಕೆ, “ಒಗೆದ ಬಟ್ಟೆ ಒಣಗಿಸಿ” ಎಂದರಂತೆ.

ಅವರ ಬಗ್ಗೆ ಇಂಥದ್ದು ಬೇಕಾದಷ್ಟಿದೆ. ಆದರೆ ನಾನು ಹೇಳಬೇಕಾದ್ದು ಬ್ಯಾಕೋಡಿನ ಪೆಟ್ಟಿಗೆಯ ವಿಷಯ.

ಬ್ಯಾಕೋಡು ಇರುವುದು ಲಿಂಗನಮಕ್ಕಿ ಹಿನ್ನೀರಿನ ಆಚೆ, ಆಗ ಲಾಂಚ್ ಎಂಬ ದೊಡ್ಡ ದೋಣಿಯಲ್ಲಿ ದಾಟಬೇಕಿತ್ತು. ಅಲ್ಲಿನ ಗಣಪಣ್ಣ ಗೂಡ್ಸ್ ಆಟೋ ಓಡಿಸುವವನು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ನಮ್ಮದೇ ರೂಟರನ್ನು ಮೇಜಿನ ಮೇಲೆ ಕುಕ್ಕಿದ. ಅವನ ಹೆಂಡತಿ ಶಾರದಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕೋಣಂದೂರಿಗೆ ಕೊಟ್ಟ ಅವಳ ತಂಗಿ ನಾಗವೇಣಿಗೂ ಅಷ್ಟೇ. ತಾಯಿ ಇಲ್ಲದ ಮನೆಯಲ್ಲಿ ಅಕ್ಕನೇ ತಂಗಿಯನ್ನು ಸಾಕಿದ್ದು. ಇಬ್ಬರಿಗೂ ಶಾಲೆಯ ಸಂಜ್ಞೆ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಮಾತು ಹೆಚ್ಚು. ಅದು ಅವರಿಬ್ಬರಿಗೆ ಬಿಟ್ಟರೆ ಗಣಪಣ್ಣನಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ನಾಗವೇಣಿ ಈಗ ಬಸುರಿ. ಓಡಾಡಬಾರದೆಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ದಿನವೂ ವಿಡಿಯೊದಲ್ಲೇ ಮಾತು.

“ಮಾತಾಡ್ತಾ ಇದ್ದ ಹಂಗೇ ಕೈ ನಿಂತ್ಬಿಡ್ತದೆ ಅಕ್ಕ,” ಎಂದ. “ನಿಮಗಾದ್ರೆ ಮಾತು ಕಟ್ಟಾದ್ರೆ ಹಲೋ ಹಲೋ ಅಂತೀರಿ. ಇವರಿಗೆ ಅರ್ಧ ಕೈ ನಿಂತ್ರೆ ಅರ್ಥನೇ ಬೇರೆ ಆಗ್ತದೆ. ಹೋದ ವಾರ ಅವಳು ‘ಹೊಟ್ಟೆನೋವು ಹೋಯ್ತು’ ಅಂದಿದಾಳೆ. ಇವಳಿಗೆ ‘ಹೊಟ್ಟೆನೋವು’ ಅಷ್ಟೇ ಕಂಡದ್ದು. ಹೊಲಿಗೆ ಬಿಟ್ಟು ಎದ್ಲು. ಲಾಂಚ್ ಹತ್ತಿ, ಮೂರು ಬಸ್ ಬದಲಿಸಿ ಕೋಣಂದೂರಿಗೆ ಹೋಗಿ ನೋಡಿದ್ರೆ ತಂಗಿ ಜಗಲಿ ಮೇಲೆ ಕೂತು ಹಪ್ಪಳ ತಿಂತಾ ಇದ್ಲಂತೆ.”

ಭುಜ ಕುಣಿಯಲು ಶುರುವಾಗಿದ್ದ ಅಕ್ಕ ಅರ್ಧದಲ್ಲೇ ನಿಲ್ಲಿಸಿದರು. “ಬ್ಯಾಕೋಡು, ವಿಡಿಯೊ, ಕೈ ನಿಲ್ತದೆ,” ಎಂದು ಒಪ್ಪಿಸಿ, “ಇನ್ನೆಷ್ಟು ದಿನ ಅವಳಿಗೆ?” ಎಂದು ಕೇಳಿದರು.

“ಎರಡು ತಿಂಗಳು.”

ಪೆಟ್ಟಿಗೆಯಲ್ಲಿ ಎರಡು ತೊಂದರೆಗಳಿದ್ದವು. ಕಂಪನಿಯವರು ಅದರೊಳಗೆ ತುಂಬಿಸಿದ ಸಾಫ್ಟ್‌ವೇರಿನಲ್ಲಿ ಬೇಡದ ಸಾಮಾನು ರಾಶಿ: ಮಕ್ಕಳ ಮೇಲೆ ಕಣ್ಣಿಡುವುದು, ಪ್ರಿಂಟರ್ ಹಂಚುವುದು, ಕಂಪನಿಗೆ ಗಳಿಗೆಗೊಮ್ಮೆ ವರದಿ ಕಳಿಸುವುದು. ಅಷ್ಟನ್ನೂ ಹೊತ್ತು ಅದು ಸುಸ್ತಾಗಿ ದಿನಕ್ಕೆ ನಾಲ್ಕೈದು ಸಲ ತಾನೇ ಆಫಾಗಿ ಎದ್ದುಕೊಳ್ಳುತ್ತಿತ್ತು. ಎರಡನೆಯದು, ಗಣಪಣ್ಣನ ಫೋನು ಯಾವುದೋ ಸಿನಿಮಾ ಇಳಿಸಿಕೊಳ್ಳಲು ಹೊರಟರೆ ಶಾರದಾಳ ವಿಡಿಯೊ ಅದರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ನಾನು ಹೊಸ ದೊಡ್ಡ ರೂಟರ್ ಕೊಟ್ಟು ಕಳಿಸೋಣ ಎಂದೆ. ಅಕ್ಕ ಒಪ್ಪಲಿಲ್ಲ. ಗಣಪಣ್ಣನ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದು. ರೂಟರ್ ಓಡುವುದು ಆಟೋದಿಂದ ಕಳಚಿದ ಹಳೆಯ ಬ್ಯಾಟರಿಯಲ್ಲಿ. ದೊಡ್ಡದು ಸಂಜೆಯೊಳಗೆ ಅದನ್ನು ಕುಡಿದು ಮುಗಿಸುತ್ತದೆ. ಈ ಪುಟ್ಟದು ಎರಡು ದಿನ ತಡೆಯುತ್ತದೆ. “ಪೆಟ್ಟಿಗೆ ಇದೇ ಇರ್ಲಿ. ಒಳಗಿನ ಸಂಸಾರ ಬದಲಿಸುವ,” ಎಂದರು.

ಕಷ್ಟವಿದ್ದದ್ದು ಅಲ್ಲೇ. ಆ ಪೆಟ್ಟಿಗೆಯಲ್ಲಿ ಇದ್ದ ಜಾಗ ನಾಲ್ಕು ಎಂಬಿ. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅಷ್ಟಿರುತ್ತದೆ. ಅಷ್ಟರಲ್ಲಿ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಕೂರಬೇಕು.

ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಉಚಿತ ವ್ಯವಸ್ಥೆಗಳು ಸಿಗುತ್ತವೆ. ನಾವು ಮೂರು ದಿನ ಹುಡುಕಿದೆವು. ಹೆಸರುವಾಸಿಯಾದದ್ದರ ಹೊಸ ಆವೃತ್ತಿ ಎರಡು ಪಟ್ಟು ಜಾಗ ಕೇಳಿತು. ಅದರದೇ ಹಳೆಯ ಆವೃತ್ತಿ ಸಲೀಸಾಗಿ ಕೂರುತ್ತಿತ್ತು, ನನಗೆ ಖುಷಿಯಾಯಿತು. ಅಕ್ಕ ಅದರ ಪಟ್ಟಿ ಓದಿ ಕನ್ನಡಕ ತೆಗೆದರು. “ಇದಕ್ಕೆ ರಿಪೇರಿ ನಿಲ್ಸಿ ವರ್ಷಗಳಾದ್ವು. ಎಲ್ಲೆಲ್ಲಿ ತೂತು ಉಂಟು ಅಂತ ಕಳ್ಳರಿಗೆಲ್ಲ ಗೊತ್ತು. ಗೊತ್ತಿದ್ದೂ ಅವಳ ಮನೆಗೆ ಹಾಕೋದಾ?” ಇನ್ನೊಂದು ವ್ಯವಸ್ಥೆ ಬಹಳ ಗಟ್ಟಿ, ಆದರೆ ಅದು ಕೂರಲು ಒಂದು ಕಂಪ್ಯೂಟರೇ ಬೇಕು. ಉಳಿದದ್ದು ಒಂದೇ ದಾರಿ: ಹೊಸದನ್ನು ತಂದು, ಬಿಡಿ ಬಿಡಿ ಮಾಡಿ, ಬೇಕಾದ್ದನ್ನು ಮಾತ್ರ ಸೇರಿಸಿ ನಾವೇ ಕಟ್ಟಿಕೊಳ್ಳುವುದು.

ಅಕ್ಕ ಮೇಷ್ಟ್ರ ಹತ್ತಿರ ಗ್ರಾಫ್ ಹಾಳೆ ತರಿಸಿದರು. ನಾಲ್ಕು ಎಂಬಿಗೆ ಒಂದು ಚೌಕ ಗೀಚಿದರು. ವ್ಯವಸ್ಥೆಯ ಒಂದೊಂದು ಭಾಗಕ್ಕೂ ಅದರ ಗಾತ್ರಕ್ಕೆ ಸರಿಯಾಗಿ ರಟ್ಟಿನ ತುಂಡು ಕತ್ತರಿಸಿ, ಮೇಲೆ ಹೆಸರು ಬರೆದು ಚೌಕದಲ್ಲಿ ಜೋಡಿಸುತ್ತ ಹೋದರು. ಅಂಗಡಿಗೆ ಬಂದವರೆಲ್ಲ ಅದೇನೋ ಹೊಸ ಆಟವೆಂದು ನಿಂತು ನೋಡುತ್ತಿದ್ದರು. ನಡುವಿನ ಮುಖ್ಯ ತುಂಡು ಅರ್ಧ ಚೌಕ ನುಂಗಿತು. ವೈಫೈ ಬೇಕು. ಬಾಗಿಲು ಕಾಯುವ ಭಾಗ ಬೇಕು. ಪ್ರಿಂಟರ್ ತುಂಡು ಹೊರಗೆ. ಬೇರೆ ಭಾಷೆಗಳ ತುಂಡು ಹೊರಗೆ. ಕೊನೆಗೆ ಒಂದು ಸಣ್ಣ ಜಾಗ ಉಳಿಯಿತು, ಅದಕ್ಕೆ ಇಬ್ಬರು ಗಿರಾಕಿಗಳು.

ಒಂದು ವೆಬ್ ಪುಟದ ತುಂಡು. ಅದಿದ್ದರೆ ನಾನು ಸಾಗರದಲ್ಲಿ ಕೂತು ಬಣ್ಣದ ಗುಂಡಿ ಒತ್ತಿ ರೂಟರನ್ನು ನೋಡಿಕೊಳ್ಳಬಹುದು. ಇನ್ನೊಂದು ಸಾಲು ನಿಭಾಯಿಸುವ ತುಂಡು. ಯಾರದೋ ಸಿನಿಮಾದ ಹಿಂದೆ ವಿಡಿಯೊ ಸಿಕ್ಕಿಬೀಳದ ಹಾಗೆ ಮುಂದೆ ಬಿಡುವುದು ಅದರ ಕೆಲಸ.

“ಪುಟ ಬೇಕೇ ಬೇಕು,” ಎಂದೆ.

“ಅದು ಯಾರಿಗೆ?”

“ನಮಗೆ. ನಾಳೆ ಕೆಟ್ಟರೆ ಕಪ್ಪು ಪರದೆಯಲ್ಲಿ ಯಾರು ಟೈಪ್ ಮಾಡ್ತಾರೆ? ನೀವು ರಜೆ ಹಾಕಿದ್ರೆ ನನಗೇನು ಗತಿ?”

“ಪೆಟ್ಟಿಗೆ ಯಾರದ್ದು?”

ನಾನು ಸ್ವಲ್ಪ ಸಿಟ್ಟಿನಿಂದಲೇ, “ಅಂಗಡಿ ನನ್ನದು ಅಕ್ಕ” ಎಂದೆ. ಹಾಗೆ ನಾನು ಅವರಿಗೆ ಹೇಳಿದ್ದು ಅದೊಂದೇ ಸಲ. ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. “ಅಂಗಡಿ, ನಿನ್ನದು, ಸರಿ,” ಎಂದು ಒಪ್ಪಿಸಿದರು. ಆಮೇಲೆ ಮೆತ್ತಗೆ, “ನಮ್ಮ ಕಾಲದಲ್ಲಿ ಟ್ರಂಕ್ ಕಾಲಲ್ಲಿ ಮೂರು ತರ ಇತ್ತು ಮಾರಾಯ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಲೈಟ್ನಿಂಗ್ ಬಂದ್ರೆ ಮಿಕ್ಕಿದವರು ಕಾಯ್ಬೇಕು. ಈ ಹೆಂಗಸಿನ ಕೈ ಲೈಟ್ನಿಂಗ್ ಅಲ್ದಾ? ನಿಂಗೆ ಟೈಪ್ ಮಾಡೋದು ನಾ ಕಲಿಸ್ತೇನೆ,” ಎಂದರು.

ವೆಬ್ ಪುಟದ ರಟ್ಟನ್ನು ನಾನೇ ತೆಗೆದು ಹೊರಗಿಟ್ಟೆ. ಅವತ್ತೇ ಒಂದು ಡೈರಿಯಲ್ಲಿ ಏಳು ಆಜ್ಞೆಗಳನ್ನು ಬರೆದುಕೊಟ್ಟರು, ಉಚ್ಚಾರಣೆ ಕನ್ನಡದಲ್ಲಿ. ನಾನು ತಪ್ಪಿಲ್ಲದೆ ಒಪ್ಪಿಸುವವರೆಗೂ ಮನೆಗೆ ಹೊರಡಲಿಲ್ಲ.

ಮೊದಲ ಸಲ ಕಟ್ಟಿ ತುಂಬಿಸಿದ್ದು ಎದ್ದಿತು, ಚೆನ್ನಾಗಿ ಓಡಿತು. ಆಫ್ ಮಾಡಿ ಹಾಕಿದರೆ ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಮರೆತು ಕೂತಿತು. ನಾಲ್ಕು ಸಲ ಹಾಗೇ ಆಯಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕನಿಗೆ ಎಲ್ಲಿಲ್ಲದ ಉತ್ಸಾಹ. ಅರ್ಧ ದಿನ ಹುಡುಕಿ, “ಅಯ್ಯೋ, ನಾವು ಮೂಲೆ ಮೂಲೆಯೂ ತುಂಬಿಸಿಬಿಟ್ಟಿದ್ದೇವೆ. ಅದು ತನ್ನದು ಅಂತ ಬರೆದಿಟ್ಟುಕೊಳ್ಳೋಕೆ ಒಂಚೂರೂ ಜಾಗ ಬಿಡ್ಲಿಲ್ಲ!” ಎಂದು ಭುಜ ಕುಣಿಸಿದರು.

ಇನ್ನೊಂದು ತುಂಡು ಹೊರಗೆ ಹೋಗಲೇಬೇಕು. ಉಳಿದದ್ದರಲ್ಲಿ ತೆಗೆಯಬಹುದಾದದ್ದು ಒಂದೇ ಇತ್ತು. ಟೆಲಿಫೋನ್ ಲೈನಿಗೆ ಡಯಲ್ ಮಾಡಿ ಸಂಪರ್ಕ ಹಿಡಿಯುವ ಭಾಗ. ಬ್ಯಾಕೋಡಿನ ಆ ಮನೆಗೆ ಸಂಪರ್ಕ ಬರುವುದು ಅಲ್ಲಿನ ಪೇಟೆಯಲ್ಲಿರುವ ನಮ್ಮ ಕಂಬದಿಂದ, ಗಾಳಿಯಲ್ಲಿ. ಡಯಲ್ ಮಾಡುವ ಪ್ರಶ್ನೆಯೇ ಇಲ್ಲ. ಅಕ್ಕ ಆ ರಟ್ಟಿನ ತುಂಡನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು. ಅವರು ಬದುಕಿನಲ್ಲಿ ಮಾಡಿದ ಕೆಲಸವೆಲ್ಲ ಆ ಹೆಬ್ಬೆರಳಗಲದಲ್ಲಿ ಇತ್ತು. ನಾನು ಬೇರೆ ಏನಾದರೂ ತೆಗೆಯೋಣವೇ ಎನ್ನುವಷ್ಟರಲ್ಲಿ, “ಈ ಮನೆಗೆ ಇದು ಬೇಡ” ಎಂದು ಪೆನ್ಸಿಲ್ಲಿನ ಪಕ್ಕ ತುರುಬಿಗೆ ಸಿಕ್ಕಿಸಿಕೊಂಡು ಎದ್ದರು. ಆ ಸಲ ಕಟ್ಟಿದ್ದು ಎಷ್ಟು ಸಲ ಆಫ್ ಮಾಡಿದರೂ ಏನನ್ನೂ ಮರೆಯಲಿಲ್ಲ.

ಬ್ಯಾಕೋಡಿಗೆ ನಾವಿಬ್ಬರೂ ಹೋದೆವು. ಆಗ ಹಿನ್ನೀರಿನ ಮೇಲಿನ ಸೇತುವೆ ಇನ್ನೂ ಮುಗಿದಿರಲಿಲ್ಲ. ಲಾಂಚಿನಲ್ಲಿ ಅಕ್ಕ ರೂಟರನ್ನು ಟಿಫಿನ್ ಡಬ್ಬಿಯಂತೆ ಮಡಿಲಲ್ಲಿಟ್ಟುಕೊಂಡು, ಲಿಂಗನಮಕ್ಕಿಯ ಹಿನ್ನೀರಿನ ಗಾಳಿಗೆ ಕೂದಲು ಹಾರಲು ಬಿಟ್ಟು, ಪಕ್ಕದವರೊಡನೆ ತುಮರಿಯ ಮದುವೆಯೊಂದರ ಊಟದ ವಿಮರ್ಶೆ ಮಾಡುತ್ತಿದ್ದರು.

ಶಾರದಾ ಹೊಲಿಗೆ ಮೆಷಿನ್ನಿನಿಂದ ಏಳಲೂ ಇಲ್ಲ. ಇಂಥ ಎಷ್ಟು ಪೆಟ್ಟಿಗೆ ಬಂದಿಲ್ಲ ಎನ್ನುವ ಮುಖ. ಸಂಪರ್ಕ ಕೊಟ್ಟು ಕೋಣಂದೂರಿಗೆ ಕರೆ ಮಾಡಿಸಿದ ಮೇಲೆ ಅಕ್ಕ, ಸಿನಿಮಾ ಇಳಿಸಿಕೊಳ್ಳಲು ಗಣಪಣ್ಣನಿಗೂ ನನಗೂ ಹೇಳಿದರು, ಪರೀಕ್ಷೆಗೆ. ಪರದೆಯಲ್ಲಿ ನಾಗವೇಣಿ ಬಂದಳು. ಶಾರದಾ ಒಂದೊಂದೇ ಕೈಮಾತನ್ನು ನಿಧಾನಕ್ಕೆ, ಗಾಳಿಯಲ್ಲಿ ತಡೆದು ತಡೆದು ಆಡಿದಳು.

“ನೋಡು,” ಎಂದರು ಅಕ್ಕ ನನ್ನ ಕಿವಿಯಲ್ಲಿ. “ಲೈನ್ ಸರಿ ಇಲ್ದಾಗ ಕೂಗಿ ಕೂಗಿ ಮಾತಾಡ್ತಾರಲ್ಲ, ಹಂಗೆ. ಅಭ್ಯಾಸ ಆಗಿಬಿಟ್ಟಿದೆ ಪಾಪ.”

ಕೈ ನಿಲ್ಲಲಿಲ್ಲ. ಆ ಕಡೆಯಿಂದ ಉತ್ತರ ತಟ್ಟನೆ ಬಂತು. ಶಾರದಾ ಇನ್ನಷ್ಟು ಬೇಗ ಕೇಳಿದಳು, ಅದಕ್ಕೂ ಬಂತು. ಎರಡು ನಿಮಿಷದಲ್ಲಿ ಇಬ್ಬರ ಕೈಗಳೂ ಎಷ್ಟು ಜೋರಾಗಿ ಓಡತೊಡಗಿದವೆಂದರೆ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು, ಎಲ್ಲ ಮನೆಯ ಅಕ್ಕ ತಂಗಿಯರ ಹಾಗೆ. ಗಣಪಣ್ಣ ನಗುತ್ತ, “ಈಗ ನನ್ನ ಮೇಲೆ ಚಾಡಿ ನಡೀತಾ ಇದೆ” ಎಂದ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಕ್ಕ ಮಾತ್ರ ಎದ್ದು ಹೋಗಿ ಕಿಟಕಿಯಾಚೆ ನೀರಿನ ಕಡೆ ಮುಖ ಮಾಡಿ ನಿಂತಿದ್ದರು.

“ನೋಡಲ್ವಾ ಅಕ್ಕ?”

“ಕನೆಕ್ಷನ್ ಕೊಟ್ಟ ಮೇಲೆ ಹೆಡ್‌ಸೆಟ್ ತೆಗೀಬೇಕು ಮಾರಾಯ,” ಎಂದರು. “ನೀನೂ ತಿರುಗು.”

ನಾನೂ ತಿರುಗಿದೆ.

ದಿನ ತುಂಬಲು ಎರಡು ವಾರ ಇರುವಾಗಲೇ ನಾಗವೇಣಿಗೆ ನೋವು ಶುರುವಾಯಿತು. ತೀರ್ಥಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಇತ್ತ ಜೋರು ಗಾಳಿ, ಲಾಂಚ್ ನಿಲ್ಲಿಸಿದ್ದರು. ಬ್ಯಾಕೋಡಿನಲ್ಲಿ ಹಿಂದಿನ ದಿನದಿಂದ ಕರೆಂಟಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ಗಣಪಣ್ಣ ನಮಗೆ ಫೋನ್ ಮಾಡಿ ಒಂದೇ ಮಾತು ಹೇಳಿದ: “ಅಕ್ಕ, ಇವತ್ತು ಪೆಟ್ಟಿಗೆ ನಿಲ್ಲಬಾರದು.”

ನಾಗವೇಣಿಯ ಗಂಡನನ್ನು ಹೆರಿಗೆ ಕೋಣೆಯೊಳಗೆ ಬಿಡುವಂತಿರಲಿಲ್ಲ. ಒಳಗಿದ್ದ ನರ್ಸಮ್ಮನಿಗೆ ಅವಳ ಕೈ ತಿಳಿಯದು, ಅವಳಿಗೆ ನರ್ಸಮ್ಮನ ಮಾತು ಕೇಳದು. ಕೊನೆಗೆ ಆ ಪುಣ್ಯಾತ್ಗಿತ್ತಿ ಅವನ ಫೋನನ್ನು ಒಳಗೆ ತೆಗೆದುಕೊಂಡು ಹೋಗಿ ಮಂಚದ ಪಕ್ಕ ನಿಲ್ಲಿಸಿದಳು. ನಾಗವೇಣಿ ಕೈಯಲ್ಲಿ ಹೇಳುವುದನ್ನು ಬ್ಯಾಕೋಡಿನಲ್ಲಿ ಶಾರದಾ ನೋಡುತ್ತಾಳೆ. ಫೋನಿನ ಹಿಂಬದಿಗೆ, ಪರದೆ ಕಾಣದ ಹಾಗೆ ನಿಂತ ಗಣಪಣ್ಣನಿಗೆ ತಿರುಗಿ ಹೇಳುತ್ತಾಳೆ. ಅವನು ಬಾಯಲ್ಲಿ ಕೂಗುತ್ತಾನೆ, ನರ್ಸಮ್ಮನಿಗೆ ಕೇಳುತ್ತದೆ. ನರ್ಸಮ್ಮ ಹೇಳಿದ್ದು ಅದೇ ದಾರಿಯಲ್ಲಿ ವಾಪಸ್. ಒಂದು ಗಳಿಗೆಯಲ್ಲಿ ಮಗುವಿನ ಕೊರಳಿಗೆ ಬಳ್ಳಿ ಸುತ್ತಿದೆ ಎಂದು ಗೊತ್ತಾಗಿ, ಈಗ ತಿಣುಕಬಾರದು, ತಡೀಬೇಕು ಎಂದು ಡಾಕ್ಟರು ಕೂಗಿದರಂತೆ. ಗಣಪಣ್ಣನ ಕೈಯಿಂದ ಶಾರದಾಳಿಗೆ, ಅವಳ ಕೈಯಿಂದ ತಂಗಿಗೆ, ಆ ಮಾತು ತಲುಪಿತು. ನಾಗವೇಣಿ ತಡೆದಳು.

ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಅಂಗಡಿಯಲ್ಲಿ ಅಕ್ಕನ ಎದುರಿಗಿದ್ದದ್ದು ಕಪ್ಪು ಪರದೆ, ಅದರಲ್ಲಿ ಬ್ಯಾಕೋಡಿನ ಪೆಟ್ಟಿಗೆ ದಾಟಿಸಿದ್ದರ ಲೆಕ್ಕವಾಗಿ ಏರುವ ಅಂಕಿಗಳು. ಎರಡು ಗಂಟೆ ಅವರು ಕುರ್ಚಿಯಿಂದ ಏಳಲಿಲ್ಲ, ಟೀ ಮುಟ್ಟಲಿಲ್ಲ. “ಓಡ್ತಾ ಇದೆ,” ಎನ್ನುವರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಓಡ್ತಾ ಇದೆ.” ಹನ್ನೆರಡು ದಾಟಿದ ಮೇಲೆ ಅಂಕಿ ನಿಂತಿತು. ಅಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದರು. ನನ್ನ ಕೈ ಡೈರಿಗೆ ಹೋಯಿತು. ಅಷ್ಟರಲ್ಲಿ ಗಣಪಣ್ಣನ ಫೋನ್ ಬಂತು. ಪೆಟ್ಟಿಗೆ ನಿಂತಿರಲಿಲ್ಲ. ಅವರೇ ಕರೆ ಮುಗಿಸಿದ್ದರು.

“ಹೆಣ್ಣು ಮಗು ಅಕ್ಕ! ಎರಡೂ ಮುಕ್ಕಾಲು ಕೆಜಿ! ತಾಯೀನೂ ಆರಾಮು!”

“ಹೆಣ್ಣು, ಎರಡೂ ಮುಕ್ಕಾಲು, ತಾಯಿ ಆರಾಮು, ಸರಿ,” ಎಂದು ಒಪ್ಪಿಸಿ ಫೋನಿಟ್ಟ ಅಕ್ಕ, ನಾನು ಕೇಳಿದ ಹಾಗೆ ಮೊದಲ ಬಾರಿ, ಬಸ್‌ಸ್ಟ್ಯಾಂಡಿನವರೆಗೆ ಕೇಳುವಂತೆ ಗಟ್ಟಿಯಾಗಿ ನಕ್ಕರು.

ಅಕ್ಕ ಕೆಲಸ ಬಿಟ್ಟದ್ದು ಮೊನ್ನೆ ಮೊನ್ನೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಅದೇ ದಾರಿ ಹಿಡಿದಿದೆ. “ಗಿರಾಕಿ ಹೇಳೋದು ಒಂದು, ನಾ ಒಪ್ಪಿಸೋದು ಇನ್ನೊಂದು ಆಗ್ತಾ ಇದೆ. ಹಾಗಾಗ್ಬಾರದು,” ಎಂದು ತಾವೇ ತೀರ್ಮಾನ ಮಾಡಿದರು. ನಾನು ಮುಖ ಸಣ್ಣದು ಮಾಡಿದೆ. ಅವರಿಗೆ ಆಗಲೇ ಬೇರೆ ಯೋಜನೆ ಸಿದ್ಧವಿತ್ತು. ಪ್ರತಿ ಗುರುವಾರ ಬಸ್ ಹತ್ತಿ ಹೊಸ ಸೇತುವೆ ದಾಟಿ ಬ್ಯಾಕೋಡಿಗೆ ಹೋಗುತ್ತಾರೆ, ಶಾರದಾಳ ಹತ್ತಿರ ಕೈಮಾತು ಕಲಿಯಲು. ಮೇಷ್ಟ್ರೂ ಜೊತೆಗೆ ಹೋಗುತ್ತಾರೆ, ಒಂದೊಂದು ಕೈಯ ಚಿತ್ರ ಬರೆದುಕೊಳ್ಳಲು.

ಹೋದ ಗುರುವಾರ ಕಂಬದ ಕೆಲಸಕ್ಕೆಂದು ಆ ಕಡೆ ಹೋದವನು ಪಾಠದ ಹೊತ್ತಿಗೆ ಸರಿಯಾಗಿ ಹೊಕ್ಕೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಬಹಳ ಗಾಂಭೀರ್ಯದಿಂದ ಶಾರದಾಳಿಗೆ ಕೈಯಲ್ಲಿ ಏನೋ ಕೇಳಿದರು. ಶಾರದಾ ಹೊಟ್ಟೆ ಹಿಡಿದುಕೊಂಡು ಮೆಷಿನ್ನಿನ ಮೇಲೆ ಬಗ್ಗಿಬಿಟ್ಟಳು. ಗಣಪಣ್ಣನೂ ನಗುತ್ತಿದ್ದ.

“ಎಂತ ಕೇಳಿದ್ರಿ ಅಕ್ಕ?” ಎಂದು ಅವರ ಬಲಗಿವಿಯ ಹತ್ತಿರ ಹೋಗಿ ಕೇಳಿದೆ.

“ಊಟ ಆಯ್ತಾ ಅಂತ ಕೇಳಿದ್ದು ಮಾರಾಯ!”

“ಮದುವೆ ಆಯ್ತಾ ಅಂತ ಕೇಳಿದ್ರು,” ಎಂದ ಗಣಪಣ್ಣ.

ಶಾರದಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಅಕ್ಕನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮಣಿಕಟ್ಟನ್ನು ತುಸು ಮೇಲಕ್ಕೆತ್ತಿ ಸರಿಮಾಡಿ ಬಿಟ್ಟಳು. ಅಕ್ಕ ಮತ್ತೆ ಕೇಳಿದರು. ಈ ಸಲ ಶಾರದಾ ನಗಲಿಲ್ಲ. ಆಯ್ತು, ನಿಮ್ಮದು? ಎಂದಳು.